ಹೆಸರು ಹಿಡಿದು ಹೊರಟರೆ: ಜಾಝ್ ಧ್ವನಿಮುದ್ರಿಕೆಗಳು ಒಬ್ಬರಿಂದ ಒಬ್ಬರಿಗೆ

ಜಾಝ್ ಕೇಳಬೇಕೆಂದು ಹೊರಟ ಕರ್ನಾಟಕ ಸಂಗೀತದ ರಸಿಕರಿಗೆ ಮೊದಲು ಎದುರಾಗುವ ತೊಡಕು ಸಂಗೀತದ್ದಲ್ಲ, ಹುಡುಕಾಟದ್ದು. ನಮಗೆ ಕೃತಿಯ ಹೆಸರು, ರಾಗ, ತಾಳ, ವಾಗ್ಗೇಯಕಾರರು ಇಷ್ಟು ಗೊತ್ತಾದರೆ ಅರ್ಧ ದಾರಿ ಸವೆದಂತೆ. ತ್ಯಾಗರಾಜರ ಕೃತಿಯನ್ನು ಯಾರು ಹಾಡಿದರೂ ಅದು ತ್ಯಾಗರಾಜರ ಕೃತಿಯಾಗಿಯೇ ಉಳಿಯುತ್ತದೆ. ಹಾಡಿದವರ ಹಿರಿಮೆ ಆಮೇಲಿನ ಮಾತು. ಜಾಝ್‌ನಲ್ಲಿ ಹಾಡಿನ ಹೆಸರು ತಿಳಿದರೂ ಬಹಳವೇನೂ ತಿಳಿದಂತಾಗುವುದಿಲ್ಲ. ಯಾರು ನುಡಿಸಿದರು, ಯಾವ ದಿನ ನುಡಿಸಿದರು, ಪಕ್ಕದಲ್ಲಿ ಯಾರಿದ್ದರು ಎಂಬುದರ ಮೇಲೆ ಎಲ್ಲವೂ ನಿಂತಿರುತ್ತದೆ. ಅಲ್ಲಿ ಧ್ವನಿಮುದ್ರಿಕೆಯೇ ಕೃತಿ.

‘ಬಾಡಿ ಅಂಡ್ ಸೋಲ್’ ಎಂಬ ಹಾಡನ್ನೇ ತೆಗೆದುಕೊಳ್ಳಿ. 1930ರಲ್ಲಿ ಬಂದ ಈ ಪ್ರೇಮಗೀತೆಯನ್ನು ಹಾಡಿದವರು, ನುಡಿಸಿದವರು ಲೆಕ್ಕವಿಲ್ಲದಷ್ಟು ಮಂದಿ. ಆದರೆ ಜಾಝ್ ಬಲ್ಲವರ ನಡುವೆ ಆ ಹೆಸರು ಎತ್ತಿದರೆ ಅವರ ಮನಸ್ಸಿಗೆ ಮೊದಲು ಬರುವುದು 1939ರ ಅಕ್ಟೋಬರ್ 11ರಂದು ಕೋಲ್ಮನ್ ಹಾಕಿನ್ಸ್ ಟೆನರ್ ಸ್ಯಾಕ್ಸೋಫೋನ್‌ನಲ್ಲಿ ನುಡಿಸಿದ ಮೂರು ನಿಮಿಷಗಳು. ಅವರು ಹಾಡಿನ ಮಟ್ಟನ್ನು ಆರಂಭದ ಕೆಲವು ಸಾಲುಗಳಲ್ಲಿ ಮುಟ್ಟಿದಂತೆ ಮಾಡಿ ಕೈಬಿಡುತ್ತಾರೆ, ಮಿಕ್ಕಿದ್ದೆಲ್ಲ ಮನೋಧರ್ಮ, ನುಡಿಸುತ್ತಲೇ ಹೊಳೆದದ್ದು. ಶ್ರೇಷ್ಠ ಜಾಝ್ ಧ್ವನಿಮುದ್ರಿಕೆಗಳ ಯಾವ ಪಟ್ಟಿಯನ್ನು ತೆಗೆದರೂ ಇದು ಅದರಲ್ಲಿ ಇರುತ್ತದೆ. ಪಟ್ಟಿ ನೋಡಿ ಕೇಳಿದವರು ಹಲವರು ‘ಚೆನ್ನಾಗಿದೆ’ ಎಂದು ಮುಂದೆ ಹೋಗಿಬಿಡುತ್ತಾರೆ. ‘ಹಾಡಿನ ಮಟ್ಟು ಎಲ್ಲಿ ಮಾಯವಾಯಿತು ಎಂಬುದನ್ನು ಗಮನಿಸಿ, ಅಲ್ಲಿಂದಾಚೆ ಹಾಡಿನ ಕಾರ್ಡ್‌ಗಳನ್ನು, ಎಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳನ್ನು, ಮಾತ್ರ ಹಿಡಿದು ಈ ಮನುಷ್ಯ ಹೇಗೆ ನಡೆಯುತ್ತಾನೆ ನೋಡಿ’ ಎಂದು ಯಾರಾದರೂ ಒಂದು ಮಾತು ಹೇಳಿ ಕೇಳಿಸಿದರೆ ಅದೇ ಮೂರು ನಿಮಿಷ ಬೇರೆಯಾಗಿ ಕೇಳಿಸುತ್ತದೆ. ಆ ಒಂದು ಮಾತು ಹೇಳುವವರ ಬಗ್ಗೆಯೇ ನಾನು ಈ ಹೊತ್ತು ನಮ್ಮ ಕೇಳುಗರ ಕೂಟದಲ್ಲಿ ಮಾತನಾಡಬೇಕೆಂದಿರುವುದು.

ಜಾಝ್‌ನ ದಾಖಲೆಗಳ ಚರಿತ್ರೆಯನ್ನು ಕಲಾವಿದರು ಮತ್ತು ಕಂಪನಿಗಳು ಮಾತ್ರ ಕಟ್ಟಲಿಲ್ಲ. ಕೇಳುಗರು ಕಟ್ಟಿದ ಪಾಲು ದೊಡ್ಡದು. ನ್ಯೂಯಾರ್ಕಿನ ನಲವತ್ತೆರಡನೇ ಬೀದಿಯಲ್ಲಿ ಕಮೊಡೋರ್ ಎಂಬ ಗ್ರಾಮಫೋನ್ ಪ್ಲೇಟುಗಳ ಅಂಗಡಿಯಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಮಿಲ್ಟ್ ಗ್ಯಾಬ್ಲರ್ ವ್ಯಾಪಾರಿಯಾಗಿದ್ದಷ್ಟೇ ರಸಿಕರೂ ಆಗಿದ್ದರು. ಕಂಪನಿಗಳು ಮಾರಾಟ ನಿಲ್ಲಿಸಿದ್ದ ಹಳೆಯ ಪ್ಲೇಟುಗಳನ್ನು ಅವರು 1930ರ ದಶಕದಲ್ಲಿ ಮತ್ತೆ ಒತ್ತಿಸಿದರು. ಬ್ಯಾಂಡಿನ ನಾಯಕನ ಹೆಸರಷ್ಟೇ ಇರುತ್ತಿದ್ದ ಲೇಬಲ್ಲಿನ ಮೇಲೆ ಟ್ರಂಪೆಟ್ ಯಾರು, ಪಿಯಾನೋ ಯಾರು, ಡ್ರಮ್ಸ್ ಯಾರು ಎಂದು ನುಡಿಸಿದವರೆಲ್ಲರ ಹೆಸರು ಹಾಕಿಸಿದರು. ಮುಂದೆ ಅವರು ಸ್ವಂತ ಲೇಬಲ್ಲನ್ನೇ, ಎಂದರೆ ಧ್ವನಿಮುದ್ರಣ ಕಂಪನಿಯನ್ನೇ, ಆರಂಭಿಸಿದರು. ಕರಿಯರನ್ನು ಗುಂಪುಕಟ್ಟಿ ಮರಕ್ಕೆ ನೇತುಹಾಕಿ ಕೊಲ್ಲುತ್ತಿದ್ದ ಕ್ರೌರ್ಯವನ್ನು ಕುರಿತ ‘ಸ್ಟ್ರೇಂಜ್ ಫ್ರೂಟ್’ ಹಾಡನ್ನು ಮುದ್ರಿಸಿಕೊಳ್ಳಲು ಗಾಯಕಿ ಬಿಲ್ಲಿ ಹಾಲಿಡೇ ಅವರ ದೊಡ್ಡ ಕಂಪನಿ ಒಪ್ಪದಿದ್ದಾಗ, 1939ರಲ್ಲಿ ಅದನ್ನು ಮುದ್ರಿಸಿದ್ದು ಈ ಅಂಗಡಿಯವರ ಲೇಬಲ್. ಇಪ್ಪತ್ತನೆಯ ಶತಮಾನದ ಅತಿ ಮುಖ್ಯ ಧ್ವನಿಮುದ್ರಿಕೆಗಳಲ್ಲಿ ಒಂದು ನಮಗೆ ಸಿಕ್ಕಿದ್ದು ಪ್ಲೇಟು ಮಾರುವ ಒಬ್ಬ ರಸಿಕರ ದೆಸೆಯಿಂದ.

ಲೇಬಲ್ಲಿನ ಮೇಲೆ ಪಕ್ಕವಾದ್ಯದವರ ಹೆಸರು ಹಾಕಿಸಿದ್ದು ಸಣ್ಣ ಕೆಲಸದಂತೆ ಕಾಣಬಹುದು. ಜಾಝ್ ಕೇಳುವ ವಿಧಾನವನ್ನು ಬದಲಿಸಿದ್ದು ಅದೇ ಎಂದು ನನ್ನ ಅಭಿಪ್ರಾಯ. ಹೆಸರಿದ್ದರೆ ಆ ಹೆಸರನ್ನು ಹಿಡಿದು ಇನ್ನೊಂದು ಪ್ಲೇಟಿಗೆ ಹೋಗಬಹುದು. ಪ್ಯಾರಿಸ್ಸಿನ ಚಾರ್ಲ್ಸ್ ಡೆಲೋನೆ 1936ರಲ್ಲಿ ಪ್ರಕಟಿಸಿದ ಜಾಝ್ ಧ್ವನಿಮುದ್ರಿಕೆಗಳ ಸೂಚಿಯೂ ಇಂಥ ಹೆಸರುಗಳದೇ ಪುಸ್ತಕ. ಅಟ್ಲಾಂಟಿಕ್‌ನ ಆಚೆ ಕೂತ ಒಬ್ಬ ಅಭಿಮಾನಿ, ಅಮೆರಿಕದಲ್ಲಿ ಯಾರು ಯಾರೊಡನೆ ಯಾವಾಗ ನುಡಿಸಿದರು ಎಂಬುದನ್ನು ಅಮೆರಿಕದವರಿಗೇ ಹೇಳಿಕೊಟ್ಟರು.

ಹೆಸರು ಹಿಡಿದು ಹೋಗುವುದೆಂದರೆ ಏನು ಎಂಬುದಕ್ಕೆ ಒಂದು ದಾರಿಯನ್ನು ಪೂರ್ತಿ ನಡೆದೇ ತೋರಿಸುತ್ತೇನೆ. ಅದು ಜಪಾನಿನಲ್ಲಿ ಆರಂಭವಾಗುತ್ತದೆ. ಎಲ್ಲಿಗೆ ಬಂದು ತಲಪುತ್ತದೆ ಎಂಬುದನ್ನು ಈಗಲೇ ಹೇಳುವುದಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಂಚೂರಿಯಾದಿಂದ ಎಲ್ಲವನ್ನೂ ಕಳೆದುಕೊಂಡು ಜಪಾನಿನ ಬೆಪ್ಪು ಎಂಬ ಊರಿಗೆ ಮರಳಿದ ಕುಟುಂಬವೊಂದರಲ್ಲಿ ತೊಶಿಕೊ ಅಕಿಯೊಶಿ ಎಂಬ ಹದಿಹರೆಯದ ಹುಡುಗಿಯಿದ್ದಳು. ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೋ ಕಲಿತಿದ್ದ ಆಕೆ, ಜನ ಕುಣಿಯಲು ಬರುವ ಡಾನ್ಸ್ ಹಾಲೊಂದರಲ್ಲಿ ಪಿಯಾನೋ ನುಡಿಸುವ ಕೆಲಸಕ್ಕೆ ಸೇರಿದಳು. ಆ ಊರಿನಲ್ಲಿದ್ದ, ಪ್ಲೇಟು ಸಂಗ್ರಹಿಸುವ ಹವ್ಯಾಸದವರೊಬ್ಬರು ಅಮೆರಿಕದ ಪಿಯಾನೋ ವಾದಕ ಟೆಡ್ಡಿ ವಿಲ್ಸನ್ ನುಡಿಸಿದ ‘ಸ್ವೀಟ್ ಲೊರೇನ್’ ಅನ್ನು ಆಕೆಗೆ ಕೇಳಿಸಿದರು. ಅಕಿಯೊಶಿ ಅವರು ತಮ್ಮ ಜಾಝ್ ಬದುಕಿನ ಮೊದಲ ದಿನವೆಂದು ಹೇಳಿಕೊಳ್ಳುವುದು ಇದನ್ನೇ. ಪಿಯಾನೋವನ್ನು ಹೀಗೂ ನುಡಿಸಬಹುದೇ ಎಂದು ಅನ್ನಿಸಿದ್ದು ಗುರುವಿನಿಂದಲ್ಲ, ಪಠ್ಯದಿಂದಲ್ಲ, ಊರಿನ ಒಬ್ಬ ಕೇಳುಗರಿಂದ.

ಜಪಾನಿನ ‘ಜಾಝ್ ಕಿಸ್ಸಾ’ಗಳ ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ಇವು ಕಾಫಿ ಅಂಗಡಿಗಳು. ಆದರೆ ಅಲ್ಲಿಗೆ ಹೋಗುವುದು ಮಾತಾಡಲಿಕ್ಕಲ್ಲ. ಹೊರದೇಶದಿಂದ ಬಂದ ಎಲ್‌ಪಿಗಳು ಸಾಮಾನ್ಯರ ಕೈಗೆಟುಕದಷ್ಟು ದುಬಾರಿಯಾಗಿದ್ದಾಗ, ಅಂಗಡಿಯ ಮಾಲೀಕರು ಒಳ್ಳೆಯ ಗ್ರಾಮಫೋನು, ದೊಡ್ಡ ಸ್ಪೀಕರುಗಳನ್ನು ಇಟ್ಟುಕೊಂಡು ತಮ್ಮ ಸಂಗ್ರಹವನ್ನು ಊರಿಗೆ ಕೇಳಿಸುತ್ತಿದ್ದರು. ಒಂದು ಲೋಟ ಕಾಫಿಯ ದುಡ್ಡಿಗೆ ಗಂಟೆಗಟ್ಟಲೆ ಕೂತು ಕೇಳಬಹುದಿತ್ತು. ಮಾತಾಡಿದರೆ ಸುಮ್ಮನಿರಿ ಎನ್ನುವ ಅಂಗಡಿಗಳೂ ಇದ್ದವು. ಯೊಕೊಹಾಮಾದ ಚಿಗುಸಾ ಎಂಬ ಕಿಸ್ಸಾ 1933ರಲ್ಲಿ ತೆರೆದದ್ದು. ಯುದ್ಧಕಾಲದಲ್ಲಿ ಜಾಝ್ ಶತ್ರುದೇಶದ ಸಂಗೀತವೆಂದು ನಿಷೇಧಕ್ಕೊಳಗಾಯಿತು. 1945ರ ವಿಮಾನ ದಾಳಿಯಲ್ಲಿ ಅಂಗಡಿಯೂ ಪ್ಲೇಟುಗಳೂ ಸುಟ್ಟುಹೋದವು. ಯುದ್ಧ ಮುಗಿದ ಮೇಲೆ ಅದೇ ಅಂಗಡಿ ಮತ್ತೆ ತೆರೆಯಿತು. ಆ ಕಾಲದಲ್ಲಿ ಅಲ್ಲಿ ಕೂತು ಪ್ಲೇಟು ಕೇಳಿ ಕಲಿತ ಕಲಾವಿದರಲ್ಲಿ ಅಕಿಯೊಶಿ ಒಬ್ಬರು, ಸ್ಯಾಕ್ಸೋಫೋನ್ ವಾದಕ ಸದಾವೊ ವತನಬೆ ಇನ್ನೊಬ್ಬರು. ನಮ್ಮಲ್ಲೂ ಪಾರ್ಕಿನ ರೇಡಿಯೋ ಮುಂದೆ ಊರೇ ಕೂತು ಕಛೇರಿ ಕೇಳುತ್ತಿದ್ದ ಕಾಲವೊಂದಿತ್ತು. ಆದರೆ ಅಲ್ಲಿ ಏನು ಬರುತ್ತದೋ ಅದನ್ನು ಕೇಳಬೇಕಿತ್ತು, ಕಿಸ್ಸಾದಲ್ಲಿ ಕೇಳಿಸುವವರ ಅಭಿರುಚಿ ಎದುರಿಗೇ ಕೂತಿರುತ್ತಿತ್ತು.

ಅಕಿಯೊಶಿ ಅವರ ಕಥೆಗೆ ಮರಳೋಣ. ಪ್ರಸಿದ್ಧ ಪಿಯಾನೋ ವಾದಕ ಆಸ್ಕರ್ ಪೀಟರ್ಸನ್ ಜಪಾನಿಗೆ ಬಂದಾಗ ಟೋಕಿಯೋದ ಕ್ಲಬ್ಬೊಂದರಲ್ಲಿ ಇವರ ವಾದನ ಕೇಳಿ, ತಮ್ಮ ನಿರ್ಮಾಪಕರಿಗೆ ಹೇಳಿ ಧ್ವನಿಮುದ್ರಣ ಮಾಡಿಸಿದರು. 1956ರಲ್ಲಿ ಅಕಿಯೊಶಿ ಬಾಸ್ಟನ್ನಿನ ಬರ್ಕ್ಲಿ ಸಂಗೀತ ಶಾಲೆಗೆ ಸೇರಿದರು. ಬಾಸ್ಟನ್ ಮೂಲದ ಆಲ್ಟೋ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಅವರನ್ನು ಮದುವೆಯಾದರು. ಇಬ್ಬರೂ ಸೇರಿ ತಂಡ ಕಟ್ಟಿದರು. ಬಹಳ ವರ್ಷಗಳ ನಂತರ ಅಕಿಯೊಶಿ ಅವರು ತಮ್ಮ ದೊಡ್ಡ ಬ್ಯಾಂಡಿನ ‘ಕೊಗುನ್’ ಎಂಬ 1974ರ ಧ್ವನಿಮುದ್ರಿಕೆಯಲ್ಲಿ ಜಪಾನಿನ ನೋ ರಂಗಭೂಮಿಯ ತ್ಸುಝುಮಿ ಎಂಬ ಚರ್ಮವಾದ್ಯವನ್ನು ಜಾಝ್ ವಾದ್ಯಗಳ ನಡುವೆ ತಂದು ಕೂರಿಸಿದರು. ಅದನ್ನು ನೀವು ಬಿಡುವು ಮಾಡಿಕೊಂಡು ಕೇಳಬೇಕು. ನಾವು ಈಗ ಹಿಡಿಯಬೇಕಾದ ಹೆಸರು ಮರಿಯಾನೊ ಅವರದು.

ಮರಿಯಾನೊ ಹುಟ್ಟಿದ್ದು 1923ರಲ್ಲಿ. ಬಾಸ್ ವಾದಕ, ರಚನಕಾರ ಚಾರ್ಲ್ಸ್ ಮಿಂಗಸ್ ಅವರ 1963ರ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ಯಲ್ಲಿ ಅಳುವಂತೆ, ಬೇಡುವಂತೆ ಕೇಳುವ ಆಲ್ಟೋ ಸ್ಯಾಕ್ಸೋಫೋನ್ ಇವರದೇ. ಅಷ್ಟು ಹೆಸರು ಮಾಡಿದ್ದ ವಾದಕರು 1960ರ ದಶಕದಲ್ಲಿ ಮಲೇಷ್ಯಾದಲ್ಲಿ ಕೆಲಸ ಮಾಡುತ್ತಿದ್ದಾಗ ನಾಗಸ್ವರ ಕೇಳಿ ಮರುಳಾದರು. ಕೇಳಿ ಸುಮ್ಮನಾಗಲಿಲ್ಲ, ದಕ್ಷಿಣ ಭಾರತಕ್ಕೆ ಬಂದು ಗುರುಮುಖೇನ ಕಲಿತರು, ಕಲಿತದ್ದನ್ನು ಧ್ವನಿಮುದ್ರಿಕೆಗಳಲ್ಲಿ ನುಡಿಸಿದರು. ಆ ನಂಟು ಅವರನ್ನು ಬೆಂಗಳೂರಿಗೆ ತಂದಿತು.

ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿಯವರು ಬೆಂಗಳೂರಿನಲ್ಲಿ 1964ರಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರುತ್ತದೆ. ಆ ತಂಡ ಮತ್ತು ಮರಿಯಾನೊ ಸೇರಿ 1983ರಲ್ಲಿ ಜರ್ಮನಿಯ ಇಸಿಎಂ ಲೇಬಲ್ಲಿಗೆ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ ಕೊಟ್ಟರು. ಆರ್.ಎ. ರಮಾಮಣಿ ಅವರ ಗಾಯನ ಮತ್ತು ತಂಬೂರಿ, ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟಂ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಅವರ ಖಂಜಿರ. ಮರಿಯಾನೊ ಅವರದು ಸೊಪ್ರಾನೋ ಸ್ಯಾಕ್ಸೋಫೋನ್ ಮತ್ತು ಕೊಳಲು. ಪಿಯಾನೋ ಇಲ್ಲ, ಬಾಸ್ ಇಲ್ಲ, ಡ್ರಮ್ಸ್ ಇಲ್ಲ. ಮೊದಲ ಭಾಗದಲ್ಲಿ ಸ್ಯಾಕ್ಸೋಫೋನ್ ಕೂಡ ಇಲ್ಲ, ರಮಾಮಣಿಯವರ ದನಿಯೊಂದೇ. ಹೆಸರಾಂತ ಅಮೆರಿಕನ್ ಕಲಾವಿದರೊಬ್ಬರ ಹೆಸರು ಮುಖಪುಟದಲ್ಲಿರುವ ಧ್ವನಿಮುದ್ರಿಕೆ, ಅವರನ್ನು ಕಾಯಿಸಿ, ಬೆಂಗಳೂರಿನ ಗಾಯಕಿಯ ಆಲಾಪನೆಯೊಂದಿಗೆ ತೆರೆದುಕೊಳ್ಳುತ್ತದೆ. ಫ್ಯೂಷನ್ ಎಂದರೆ ನಮ್ಮ ರಾಗದ ಕೆಳಗೆ ಅವರ ಡ್ರಮ್ಸ್ ಹಾಕುವುದು ಎಂದು ತಿಳಿದವರು ಈ ಒಂದು ನಿರ್ಧಾರವನ್ನು ಗಮನಿಸಬೇಕು. ಈ ಧ್ವನಿಮುದ್ರಿಕೆಯನ್ನು ಮ್ಯೂನಿಕ್ಕಿನಲ್ಲಿ ಬಲ್ಲಷ್ಟು ಜನ ಮಲ್ಲೇಶ್ವರದಲ್ಲಿ ಬಲ್ಲರೇ ಎಂದು ನನಗೆ ಅನುಮಾನವಿದೆ. ನಮ್ಮ ಕಛೇರಿ ಸಭೆಗಳ ನಡುವೆ ಇದರ ಮಾತು ಬಂದದ್ದನ್ನು ನಾನು ಕೇಳಿಲ್ಲ.

ಬೆಪ್ಪುವಿನ ಪ್ಲೇಟು ಸಂಗ್ರಾಹಕರಿಂದ ಹೊರಟ ದಾರಿ ಬೆಂಗಳೂರಿಗೆ ಬಂತು. ಇನ್ನೂ ಮುಗಿದಿಲ್ಲ. ಮಿಂಗಸ್ ಅವರ ಹೆಸರನ್ನು ಈಗ ಹೇಳಿದೆನಲ್ಲ, ಅವರ 1959ರ ‘ಮಿಂಗಸ್ ಆ ಉಮ್’ ಧ್ವನಿಮುದ್ರಿಕೆಯಲ್ಲಿ ನುಡಿಸಿದ ಇನ್ನೊಬ್ಬ ಸ್ಯಾಕ್ಸೋಫೋನ್ ವಾದಕರು ಜಾನ್ ಹ್ಯಾಂಡಿ. ಅವರಿಗೂ ಭಾರತದ ಸಂಗೀತದ ಗೀಳು ಹತ್ತಿತು. ಸರೋದ್ ವಾದಕ ಅಲಿ ಅಕ್ಬರ್ ಖಾನ್ ಅವರೊಡನೆ ‘ಕರುಣಾ ಸುಪ್ರೀಮ್’ ನುಡಿಸಿದರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವಕ್ಕೆ ಬಂದಿದ್ದಾಗ ಒಬ್ಬ ಕಲಾವಿದರ ಸ್ಯಾಕ್ಸೋಫೋನ್ ಕೇಳಿ, ಅವರೊಡನೆ ವೇದಿಕೆಯಲ್ಲಿ ನುಡಿಸಿದರು. ಆ ಕಲಾವಿದರು ಬಂಟ್ವಾಳ ತಾಲ್ಲೂಕಿನ ಸಜಿಪಮೂಡದವರು, ಕದ್ರಿ ಗೋಪಾಲನಾಥ್. ಕದ್ರಿಯವರ ತಂದೆ ನಾಗಸ್ವರ ವಾದಕರು. ಮಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಆ ವಾದ್ಯಕ್ಕೆ ಒಲಿದರು. ಬಾಸ್ಟನ್ನಿನವರು ಸ್ಯಾಕ್ಸೋಫೋನಿನಿಂದ ನಾಗಸ್ವರಕ್ಕೆ ಹೋದರು, ದಕ್ಷಿಣ ಕನ್ನಡದವರು ನಾಗಸ್ವರದ ಮನೆಯಿಂದ ಸ್ಯಾಕ್ಸೋಫೋನಿಗೆ ಬಂದರು. ಒಬ್ಬರ ಧ್ವನಿಮುದ್ರಿಕೆ ಆದ ಮೇಲೆ ಇನ್ನೊಬ್ಬರದನ್ನು ಹಾಕಿ ಕೇಳಿ: ಗಮಕ, ಎಂದರೆ ಸ್ವರವನ್ನು ತೂಗಿ ಜಾರಿಸುವುದು, ಎಲ್ಲಿ ಉಸಿರಿನಿಂದ ಬರುತ್ತದೆ, ಎಲ್ಲಿ ಬೆರಳಿನಿಂದ ಬರುತ್ತದೆ ಎಂಬುದು ಯಾವ ಪುಸ್ತಕವೂ ಹೇಳದಷ್ಟು ಚೆನ್ನಾಗಿ ತಿಳಿಯುತ್ತದೆ.

ಕದ್ರಿಯವರ ಧ್ವನಿಮುದ್ರಿಕೆಯೊಂದು ಅಮೆರಿಕದಲ್ಲಿ ಮಾಡಿದ ಕೆಲಸ ಇನ್ನೂ ಸ್ವಾರಸ್ಯಕರವಾದದ್ದು. ರುದ್ರೇಶ್ ಮಹಾಂತಪ್ಪ ಎಂಬ ಆಲ್ಟೋ ಸ್ಯಾಕ್ಸೋಫೋನ್ ವಾದಕರಿದ್ದಾರೆ. ಹೆಸರೇ ಹೇಳುವಂತೆ ಕನ್ನಡ ಮೂಲದ ಮನೆತನದವರು, ಇಟಲಿಯಲ್ಲಿ ಹುಟ್ಟಿ ಅಮೆರಿಕದ ಕೊಲರಾಡೋದಲ್ಲಿ ಬೆಳೆದವರು. ಬರ್ಕ್ಲಿಯಲ್ಲಿ ಓದುತ್ತಿದ್ದ ಕಾಲದಲ್ಲಿ ಅವರ ಅಣ್ಣ ತಮಾಷೆಗೆಂದು ಒಂದು ಧ್ವನಿಮುದ್ರಿಕೆ ಕೊಟ್ಟರು. ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’ ಎಂಬ ಅದರ ಹೆಸರೇ ತಮ್ಮನನ್ನು ಕಾಡಿಸಲು ಸಾಕಾಗಿತ್ತು. ನುಡಿಸಿದವರು ಕದ್ರಿ ಗೋಪಾಲನಾಥ್. ತಮಾಷೆ ಅಲ್ಲಿಗೇ ನಿಂತಿತು. ತಾನು ಕಲಿಯುತ್ತಿರುವ ವಾದ್ಯದಲ್ಲಿ, ತನ್ನ ಹಿರಿಯರ ನಾಡಿನಲ್ಲಿ, ತನ್ನ ಗುರುಗಳಾರೂ ಹೇಳದಿದ್ದ ಒಂದು ಲೋಕವಿದೆ ಎಂದು ಅವರಿಗೆ ಗೊತ್ತಾದದ್ದು ಹಾಗೆ. ಮುಂದೆ ಅವರು ಕದ್ರಿಯವರನ್ನು ಹುಡುಕಿಕೊಂಡು ಬಂದು ಜೊತೆಗೂಡಿ ನುಡಿಸಿದರು. ಇಬ್ಬರೂ ಸೇರಿ ಮಾಡಿದ ‘ಕಿನ್ಸ್‌ಮೆನ್’ 2008ರಲ್ಲಿ ಹೊರಬಂತು. ಪಿಟೀಲಿನಲ್ಲಿ ಎ. ಕನ್ಯಾಕುಮಾರಿ, ಮೃದಂಗದಲ್ಲಿ ಪೂವಲೂರ್ ಶ್ರೀಜಿ, ಗಿಟಾರಿನಲ್ಲಿ ರೆಝ್ ಅಬ್ಬಾಸಿ, ಇವರ ಜೊತೆಗೆ ಬಾಸ್ ಮತ್ತು ಡ್ರಮ್ಸ್ ಇವೆ. ಎರಡು ಆಲ್ಟೋ ಸ್ಯಾಕ್ಸೋಫೋನ್‌ಗಳಲ್ಲಿ ಯಾರದು ಯಾವುದು ಎಂದು ಮೊದಲ ಸಲ ಗೊಂದಲವಾದರೆ ಸ್ವರದ ಮೇಲೆ ಇಳಿಯುವ ರೀತಿಯನ್ನು ಗಮನಿಸಿ: ಕದ್ರಿಯವರು ಒಂದು ಸ್ವರಕ್ಕೆ ಜಾರಿಕೊಂಡು ಬರುತ್ತಾರೆ, ರುದ್ರೇಶ್ ಅವರು ಹೆಚ್ಚಾಗಿ ನೇರವಾಗಿ ಬಂದು ಕೂರುತ್ತಾರೆ.

ಇಷ್ಟು ಉದ್ದದ ಸರಪಣಿಯನ್ನು ನಾನು ಒಬ್ಬನೇ ಕೂತು ಬಿಡಿಸಿದ್ದಲ್ಲ. ಒಂದು ಕೊಂಡಿಯನ್ನು ಒಬ್ಬರು ಹೇಳಿದರು, ಇನ್ನೊಂದನ್ನು ಮತ್ತೊಬ್ಬರು. ನನಗೆ ಜಾಝ್ ಕೇಳುವುದನ್ನು ಕಲಿಸಿದ ಹಿರಿಯರು ಬ್ಯಾಂಕಿನಲ್ಲಿ ಅಧಿಕಾರಿಗಳಾಗಿದ್ದವರು. ಒಂದು ಸಲಕ್ಕೆ ಒಂದೇ ಕ್ಯಾಸೆಟ್ ಕೊಡುತ್ತಿದ್ದರು. ಕ್ಯಾಸೆಟ್ಟಿನ ಒಳಗಿನ ಕಾಗದದ ಮೇಲೆ ನುಡಿಸಿದವರ ಹೆಸರುಗಳನ್ನು ಕನ್ನಡದಲ್ಲಿ, ಬ್ಯಾಂಕಿನ ಲೆಡ್ಜರಿಗೆ ಬರೆಯುವಂಥ ದುಂಡನೆಯ ಅಕ್ಷರದಲ್ಲಿ ಬರೆದಿರುತ್ತಿದ್ದರು. ಯಾರ ವಾದ್ಯವನ್ನು ಈ ಸಲ ಗಮನಿಸಬೇಕೋ ಅವರ ಹೆಸರಿನ ಕೆಳಗೆ ಕೆಂಪು ಗೆರೆ. ಹಾಡಿನ ಹೆಸರುಗಳನ್ನು ಬರೆಯುತ್ತಲೇ ಇರಲಿಲ್ಲ. ಕ್ಯಾಸೆಟ್ ಹಿಂತಿರುಗಿಸುವಾಗ ‘ಹೇಗಿತ್ತಯ್ಯಾ?’ ಎಂದು ಕೇಳಿದವರಲ್ಲ; ‘ಡ್ರಮ್ಸ್ ಏನು ಮಾಡ್ತಿತ್ತು ಹೇಳು ನೋಡೋಣ’ ಎನ್ನುವರು. ಉತ್ತರ ಸರಿಬಾರದಿದ್ದರೆ ಅದೇ ಕ್ಯಾಸೆಟ್ಟು ಮತ್ತೆ ನನ್ನ ಜೇಬಿಗೆ ಬರುತ್ತಿತ್ತು.

ಹಾಗೆ ನನ್ನ ಜೇಬಿಗೆ ಮತ್ತೆ ಮತ್ತೆ ಬಂದ ಕ್ಯಾಸೆಟ್ಟುಗಳಲ್ಲಿ ಒಂದು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ನೆಫರ್ಟಿಟಿ’. 1967ರಲ್ಲಿ ಮುದ್ರಣವಾದದ್ದು, ಕೆಂಪು ಗೆರೆ ಇದ್ದದ್ದು ಡ್ರಮ್ಸ್ ನುಡಿಸಿದ ಟೋನಿ ವಿಲಿಯಮ್ಸ್ ಹೆಸರಿನ ಕೆಳಗೆ. ಸ್ಯಾಕ್ಸೋಫೋನ್ ವಾದಕ ವೇಯ್ನ್ ಶಾರ್ಟರ್ ಬರೆದ ಶೀರ್ಷಿಕೆಯ ರಚನೆಯಲ್ಲಿ ಟ್ರಂಪೆಟ್ ಮತ್ತು ಸ್ಯಾಕ್ಸೋಫೋನ್ ಒಂದು ಮಟ್ಟನ್ನು ನುಡಿಸುತ್ತವೆ. ಮತ್ತೆ ಅದನ್ನೇ ನುಡಿಸುತ್ತವೆ. ಮತ್ತೂ ಅದನ್ನೇ. ಮಟ್ಟು ಮುಗಿದ ಮೇಲೆ ಒಬ್ಬೊಬ್ಬರಾಗಿ ಮನೋಧರ್ಮ ತೋರಿಸುವುದು ಜಾಝ್‌ನ ವಾಡಿಕೆ. ಇಲ್ಲಿ ಮುಂದೆ ನಿಂತವರಿಬ್ಬರೂ ಅದನ್ನು ಮಾಡುವುದೇ ಇಲ್ಲ. ಸುಮಾರು ಎಂಟು ನಿಮಿಷ ಹೀಗೆಯೇ. ಮೊದಲ ಸಲ ಕೇಳಿದವರಿಗೆ, ಇದೇನು, ಪ್ಲೇಟು ಸಿಕ್ಕಿಕೊಂಡಿದೆಯೇ ಎನ್ನಿಸಿದರೆ ಆಶ್ಚರ್ಯವಿಲ್ಲ. ಹಿಂದೂಸ್ತಾನಿಯಲ್ಲಿ ತಬಲಾ ಸೋಲೋ ನಡೆಯುವಾಗ ಹಾರ್ಮೋನಿಯಂ ಮೇಲೆ ಒಂದೇ ಲೆಹರಾ ಹಿಡಿದಿರುತ್ತಾರಲ್ಲ, ಕಿವಿ ತಬಲಾದ ಕಡೆಗಿರುತ್ತದೆಯಲ್ಲ, ಹಾಗೆ ಕೇಳಬೇಕು ಇದನ್ನು. ಮಟ್ಟು ನಿಂತಲ್ಲೇ ನಿಂತಿರುತ್ತದೆ. ಅದರ ಕೆಳಗೆ ವಿಲಿಯಮ್ಸ್ ಅವರ ಡ್ರಮ್ಸ್ ಪಿಸುಗುಟ್ಟುವುದರಿಂದ ಆರಂಭಿಸಿ, ಆವೃತ್ತಿ ಆವೃತ್ತಿಗೂ ಏರುತ್ತ, ಒಡೆಯುತ್ತ, ಮತ್ತೆ ತಗ್ಗುತ್ತ ಹೋಗುತ್ತದೆ. ಲೆಹರಾಕ್ಕಿಂತ ಇಲ್ಲೊಂದು ಭೇದವಿದೆ: ಟ್ರಂಪೆಟ್, ಸ್ಯಾಕ್ಸೋಫೋನ್ ಎರಡೂ ಕರಾರುವಾಕ್ಕಾಗಿ ಒಟ್ಟಿಗೆ ಇರುವುದಿಲ್ಲ, ಹೋಗಹೋಗುತ್ತ ಒಂದು ಇನ್ನೊಂದರ ನೆರಳಿನಂತೆ ಕೊಂಚ ಹಿಂದೆ ಬೀಳುತ್ತದೆ. ಮೃದಂಗದ ನಡೆ ಬಲ್ಲವರು ಜಾಝ್ ಕೇಳಲು ಇದರಿಂದಲೇ ಆರಂಭಿಸಬಹುದು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಸಾಮಾನ್ಯವಾಗಿ ಎಲ್ಲರೂ ಮೊದಲು ಕೈಗೆ ಕೊಡುವ, ಅದೇ ಡೇವಿಸ್ ಅವರ 1959ರ ‘ಕೈಂಡ್ ಆಫ್ ಬ್ಲೂ’ ಆಮೇಲೆ ಬಂದರೂ ನಷ್ಟವಿಲ್ಲ.

ಡೇವಿಸ್ ಅವರ ಹೆಸರು ಬಂದ ಮೇಲೆ, ಜಾಝ್‌ಗೆ ರಾಕ್ ಮತ್ತು ವಿದ್ಯುತ್ ವಾದ್ಯಗಳನ್ನು ಬೆರೆಸಿದ ಫ್ಯೂಷನ್ನಿನ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. 1969ರ ‘ಇನ್ ಎ ಸೈಲೆಂಟ್ ವೇ’, 1970ರ ‘ಬಿಚಸ್ ಬ್ರೂ’, ಈ ಎರಡರಲ್ಲಿ ನುಡಿಸಿದವರ ಹೆಸರುಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಜೋ ಝಾವಿನುಲ್ ಮತ್ತು ವೇಯ್ನ್ ಶಾರ್ಟರ್ ಸೇರಿ ‘ವೆದರ್ ರಿಪೋರ್ಟ್’ ತಂಡ ಕಟ್ಟಿದರು. ಚಿಕ್ ಕೊರಿಯಾ ‘ರಿಟರ್ನ್ ಟು ಫಾರೆವರ್’ ಕಟ್ಟಿದರು. ಹರ್ಬಿ ಹ್ಯಾಂಕಾಕ್ 1973ರಲ್ಲಿ ‘ಹೆಡ್ ಹಂಟರ್ಸ್’ ತಂದರು. ಗಿಟಾರಿನ ಜಾನ್ ಮೆಕ್‌ಲಾಫ್ಲಿನ್, ಗುರು ಶ್ರೀ ಚಿನ್ಮಯ್ ಅವರು ತಮಗೆ ಕೊಟ್ಟ ‘ಮಹಾವಿಷ್ಣು’ ಎಂಬ ಹೆಸರಿನಲ್ಲೇ ಒಂದು ತಂಡ ಕಟ್ಟಿದರು. ಹತ್ತು ವರ್ಷಗಳ ಫ್ಯೂಷನ್ನಿನ ಬಹುಪಾಲು ಒಂದೇ ಹಾಳೆಯ ಹೆಸರುಗಳಿಂದ ಹುಟ್ಟಿಕೊಂಡಿದೆ. ಯಾವ ಹೆಸರು ಹಿಡಿದು ಹೊರಟರೂ ಸರಿ.

ತಾಳದ ಲೆಕ್ಕ ಕೈಬೆರಳಿನಲ್ಲಿರುವ ನಮಗೆ ಇಲ್ಲಿ ಒಂದು ಅನುಕೂಲವಿದೆ. ಪಾಶ್ಚಾತ್ಯ ಕೇಳುಗರು ಕಷ್ಟವೆಂದು ನಿಲ್ಲುವ ಕಡೆ ನಾವು ಸಲೀಸಾಗಿ ಕೂರಬಲ್ಲೆವು. ಡೇವ್ ಬ್ರೂಬೆಕ್ ತಂಡದ 1959ರ ‘ಟೈಮ್ ಔಟ್’ ಧ್ವನಿಮುದ್ರಿಕೆಯಲ್ಲಿ ಪಾಲ್ ಡೆಸ್ಮಂಡ್ ರಚಿಸಿದ ‘ಟೇಕ್ ಫೈವ್’ ಐದರ ಲೆಕ್ಕದ್ದು, ಮೂರು ಮತ್ತು ಎರಡು. ಅದೇ ಧ್ವನಿಮುದ್ರಿಕೆಯ ‘ಬ್ಲೂ ರೊಂಡೊ’ದಲ್ಲಿ ಒಂಬತ್ತು ಅಕ್ಷರಗಳು ಎರಡು, ಎರಡು, ಎರಡು, ಮೂರು ಎಂದು ಒಡೆಯುತ್ತವೆ, ಬ್ರೂಬೆಕ್ ಈ ನಡೆಯನ್ನು ಕೇಳಿದ್ದು 1958ರ ಪ್ರವಾಸದಲ್ಲಿ, ಇಸ್ತಾಂಬುಲ್ಲಿನ ಬೀದಿಯ ವಾದ್ಯಗಾರರಿಂದ. ಸಂಕೀರ್ಣ ಗತಿ ಹಾಕಿ ಅಭ್ಯಾಸವಿರುವವರು ಒಂದು ಸಲ ಕೇಳಿದರೆ ಕೈ ತಾನಾಗಿ ತೊಡೆಯ ಮೇಲೆ ಬೀಳುತ್ತದೆ. ಮಹಾವಿಷ್ಣು ತಂಡದ 1973ರ ‘ಬರ್ಡ್ಸ್ ಆಫ್ ಫೈರ್’ನ ಶೀರ್ಷಿಕೆ ರಚನೆ ಹದಿನೆಂಟರದು, ಬಿಲ್ಲಿ ಕೋಬಮ್ ಅವರ ಡ್ರಮ್ಸ್ ಆ ಲೆಕ್ಕವನ್ನು ಎಷ್ಟು ಅಬ್ಬರದಿಂದ ಮುಚ್ಚುತ್ತದೆಂದರೆ ಸಮ, ಎಂದರೆ ಆವರ್ತದ ಮೊದಲ ಪೆಟ್ಟು, ಎಲ್ಲಿ ಬಿತ್ತೆಂದು ಹುಡುಕುವುದೇ ಒಂದು ಆಟ.

ಮೆಕ್‌ಲಾಫ್ಲಿನ್ ಅವರು ಲೆಕ್ಕಕ್ಕೆ ನಿಲ್ಲದೆ ವಿದ್ಯೆಗೇ ಇಳಿದವರು. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ವಿದ್ವಾನ್ ಎಸ್. ರಾಮನಾಥನ್ ಅವರಲ್ಲಿ ವೀಣೆ ಕಲಿತರು. ಎಲ್. ಶಂಕರ್ ಅವರ ಪಿಟೀಲು, ಝಾಕಿರ್ ಹುಸೇನ್ ಅವರ ತಬಲಾ, ವಿಕ್ಕು ವಿನಾಯಕರಾಮ್ ಅವರ ಘಟಂ ಸೇರಿದ ‘ಶಕ್ತಿ’ ತಂಡದ ವಿಷಯ ಎಲ್ಲರಿಗೂ ಗೊತ್ತು, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ಧ್ವನಿಮುದ್ರಿಕೆ 1975ರ ಕಛೇರಿಯದು, ಅದರಲ್ಲಿ ಆರ್. ರಾಘವನ್ ಅವರ ಮೃದಂಗವೂ ಇದೆ. ಅಲ್ಲಿ ಮೆಕ್‌ಲಾಫ್ಲಿನ್ ಅವರ ಗಿಟಾರಿನ ದನಿಯನ್ನು ಮಾತ್ರ ಗಮನಿಸಿ. ಅವರಿಗಾಗಿಯೇ ಮಾಡಿಸಿದ ಆ ವಾದ್ಯದಲ್ಲಿ ಬೆರಳು ಓಡುವ ಪಟ್ಟಿಯನ್ನು ಮೆಟ್ಟಿಲು ಮೆಟ್ಟಿಲುಗಳ ನಡುವೆ ತಗ್ಗಾಗಿ ಕೆತ್ತಲಾಗಿತ್ತು. ಆದ್ದರಿಂದ ತಂತಿಯನ್ನು ಒಳಕ್ಕೆ ಒತ್ತಿ, ಎಳೆದು, ವೀಣೆಯಲ್ಲಿ ಮಾಡುವಂತೆ ಗಮಕ ತೆಗೆಯಲು ಬರುತ್ತಿತ್ತು. ಮುಖ್ಯ ತಂತಿಗಳ ಕೆಳಗೆ ಅಡ್ಡಲಾಗಿ ಶ್ರುತಿಯ ತಂತಿಗಳೂ ಇದ್ದವು. ಹತ್ತಾರು ಸಲ ‘ಶಕ್ತಿ’ ಕೇಳಿದವರೂ ಇದನ್ನು ಯಾರಾದರೂ ಹೇಳುವ ತನಕ ಬರೀ ವೇಗವನ್ನೇ ಕೇಳಿರುತ್ತಾರೆ.

ಹೇಳುವವರನ್ನು ಇಷ್ಟು ಹೊಗಳಿದ ಮೇಲೆ ಅವರ ದೋಷವನ್ನೂ ಹೇಳಬೇಕು. ಜಾಝ್ ರಸಿಕರಷ್ಟು ಹಟಮಾರಿಗಳು ಕಡಿಮೆ. ಒಬ್ಬರಿಗೆ 1965ರ ನಂತರ ಏನೂ ನಡೆಯಲೇ ಇಲ್ಲ. ಡೇವಿಸ್ ವಿದ್ಯುತ್ ವಾದ್ಯಗಳನ್ನು ತಂದ ದಿನವೇ ಸಂಗೀತ ಸತ್ತುಹೋಯಿತು ಎನ್ನುತ್ತಾರೆ. ಇನ್ನೊಬ್ಬರಿಗೆ ಗಿಟಾರ್ ಇಲ್ಲದ ಧ್ವನಿಮುದ್ರಿಕೆ ಕೇಳಲು ತಾಳ್ಮೆಯಿಲ್ಲ. ನನ್ನ ಹಿರಿಯರೂ ಫ್ಯೂಷನ್ ಎಂದರೆ ಮೂಗು ಮುರಿಯುತ್ತಿದ್ದವರೇ. ಮಹಾವಿಷ್ಣು ತಂಡವನ್ನು ನನಗೆ ಕೇಳಿಸಿದವರು ಬೇರೆ, ಅವರು ಇವರೊಡನೆ ಮಾತು ಬಿಟ್ಟಿದ್ದರು. ಆದ್ದರಿಂದ ಪರಸ್ಪರ ಒಪ್ಪದ ಇಬ್ಬರನ್ನಾದರೂ ಪರಿಚಯ ಮಾಡಿಕೊಂಡಿರುವುದು ಕ್ಷೇಮ. ಮೊಬೈಲಿನ ಆ್ಯಪ್‌ಗಳು ಇಂಥ ಹಟ ಮಾಡುವುದಿಲ್ಲ, ನಿಜ. ಕೇಳಿದ್ದರಂತೆಯೇ ಇರುವ ಇನ್ನೊಂದನ್ನು ಅವು ಮುಂದಿಡುತ್ತವೆ. ಪಕ್ಕವಾದ್ಯದವರ ಹೆಸರುಗಳನ್ನು ಎಷ್ಟೋ ಸಲ ತೋರಿಸುವುದೇ ಇಲ್ಲ. ಗ್ಯಾಬ್ಲರ್ ಲೇಬಲ್ಲಿನ ಮೇಲೆ ಹಾಕಿಸಿದ್ದನ್ನು ತೊಂಬತ್ತು ವರ್ಷಗಳ ನಂತರ ನಾವು ತೆಗೆದುಹಾಕಿ ಕೂತಿದ್ದೇವೆ.

ಕೇಳುಗರು ಕೊಡುವವರಷ್ಟೇ ಅಲ್ಲ, ಕಾಪಾಡುವವರೂ ಹೌದು. ಈ ವಿಷಯವೊಂದು ಬಾಕಿಯಿದೆ. ಪಿಯಾನೋ ವಾದಕ ಥೆಲೋನಿಯಸ್ ಮಂಕ್ ಮತ್ತು ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ 1957ರಲ್ಲಿ ಕೆಲವು ತಿಂಗಳು ಒಟ್ಟಿಗೆ ನುಡಿಸಿದರು. ಆ ಜೋಡಿಯ ಒಳ್ಳೆಯ ಧ್ವನಿಮುದ್ರಣ ತೀರ ಕಡಿಮೆ ಎಂದು ರಸಿಕರು ಹಲುಬುತ್ತಿದ್ದರು. 2005ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಕೆಲಸ ಮಾಡುತ್ತಿದ್ದ ಲ್ಯಾರಿ ಆಪಲ್‌ಬಾಮ್, ವಾಯ್ಸ್ ಆಫ್ ಅಮೆರಿಕ ರೇಡಿಯೋದ ಹಳೆಯ ಟೇಪುಗಳನ್ನು ಡಿಜಿಟಲ್ ರೂಪಕ್ಕೆ ತರುತ್ತಿದ್ದಾಗ, ಡಬ್ಬಿಯ ಮೇಲೆ ಕೈಬರಹದಲ್ಲಿ ‘ಟಿ. ಮಂಕ್’ ಎಂದಿದ್ದುದನ್ನು ಕಂಡರು. ಅದು 1957ರ ನವೆಂಬರ್ 29ರ ಕಾರ್ನೆಗಿ ಹಾಲ್ ಕಛೇರಿ. ಟೇಪು ಹಾಕಿದಾಗ ಸ್ಯಾಕ್ಸೋಫೋನ್ ಯಾರದೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕೇಳಿ ಪಳಗಿದ ಕಿವಿ ಆ ಕುರ್ಚಿಯಲ್ಲಿ ಇಲ್ಲದೆ ಹೋಗಿದ್ದರೆ ಇನ್ನೊಂದು ಡಬ್ಬಿಯಾಗಿ ಅದು ಕಪಾಟು ಸೇರುತ್ತಿತ್ತು. ಅದೇ ವರ್ಷ ಅದು ಧ್ವನಿಮುದ್ರಿಕೆಯಾಗಿ ಬಂತು.

ಇನ್ನೊಂದು ಸಿಯಾಟಲ್ಲಿನದು. ಕೋಲ್ಟ್ರೇನ್ ತಮ್ಮ ‘ಎ ಲವ್ ಸುಪ್ರೀಮ್’ ಅನ್ನು ಜನರ ಮುಂದೆ ಪೂರ್ತಿ ನುಡಿಸಿದ್ದರ ದಾಖಲೆ ಫ್ರಾನ್ಸಿನ ಒಂದೇ ಕಛೇರಿಯದು ಎಂದು ದಶಕಗಳ ಕಾಲ ತಿಳಿಯಲಾಗಿತ್ತು. 1965ರ ಅಕ್ಟೋಬರ್ 2ರಂದು ಸಿಯಾಟಲ್ಲಿನ ಪೆಂಟ್‌ಹೌಸ್ ಕ್ಲಬ್ಬಿನಲ್ಲಿ ಅವರು ಅದನ್ನು ನುಡಿಸಿದಾಗ, ಗೆಳೆಯರೂ ಸ್ಯಾಕ್ಸೋಫೋನ್ ವಾದಕರೂ ಆಗಿದ್ದ ಜೋ ಬ್ರೆಝಿಲ್ ಅದನ್ನು ಟೇಪಿಗೆ ಹಿಡಿದಿದ್ದರು. ಟೇಪು ಅವರ ಖಾಸಗಿ ಸಂಗ್ರಹದಲ್ಲೇ ಉಳಿಯಿತು. 2008ರಲ್ಲಿ ಅವರು ತೀರಿಕೊಂಡ ಎಷ್ಟೋ ಕಾಲದ ನಂತರ, 2021ರಲ್ಲಿ, ಲೋಕಕ್ಕೆ ಕೇಳಿಸಿತು. ಸ್ಟುಡಿಯೋದಲ್ಲಿ ಮೂವತ್ತಮೂರು ನಿಮಿಷದ ರಚನೆ ಇಲ್ಲಿ ಒಂದೂಕಾಲು ಗಂಟೆ ಹರಡಿಕೊಳ್ಳುತ್ತದೆ. ಡ್ರಮ್ಸ್ ತೀರ ಮುಂದೆ, ಸ್ಯಾಕ್ಸೋಫೋನ್ ಕೊಂಚ ಹಿಂದೆ. ಮೈಕ್ ಇಟ್ಟ ಜಾಗ ಹಾಗಿತ್ತು. ಆದರೆ ಎಲ್ವಿನ್ ಜೋನ್ಸ್ ಅವರ ಡ್ರಮ್ಸ್ ಅನ್ನು ಇಷ್ಟು ಹತ್ತಿರದಿಂದ ಕೇಳುವ ಅವಕಾಶ ಇನ್ನೆಲ್ಲಿ ಸಿಗುತ್ತದೆ?

ನಮ್ಮ ಮನೆಗಳಲ್ಲೂ ಇಂಥ ಡಬ್ಬಿಗಳಿವೆ. ಕರಾವಳಿಯ ದೇವಸ್ಥಾನಗಳ ಉತ್ಸವಗಳಲ್ಲಿ, ಮದುವೆಮನೆಗಳಲ್ಲಿ ಕದ್ರಿಯವರು ನುಡಿಸಿದ್ದನ್ನು ಯಾರೋ ಟೇಪ್ ರೆಕಾರ್ಡರಿನಲ್ಲಿ ಹಿಡಿದಿರಬಹುದು. ಬೆಂಗಳೂರಿಗೆ ಬಂದ ವಿದೇಶಿ ಕಲಾವಿದರೊಡನೆ ನಮ್ಮವರು ನುಡಿಸಿದ ಸಂಜೆಗಳ ಕ್ಯಾಸೆಟ್ಟುಗಳು ಯಾವುದೋ ಅಟ್ಟದ ಮೇಲಿರಬಹುದು. ನಿಮ್ಮಲ್ಲಿ ಯಾರ ಬಳಿಯಾದರೂ ಇದ್ದರೆ, ಡಿಜಿಟಲ್ ಮಾಡಿಸುವ ಮೊದಲೇ ಒಂದು ಕೆಲಸ ಮಾಡಿ. ಆ ದಿನ ಅಲ್ಲಿದ್ದ ಹಿರಿಯರು ಇನ್ನೂ ನಮ್ಮೊಡನೆ ಇರುವಾಗಲೇ ಅವರನ್ನು ಕೂರಿಸಿ ಕೇಳಿಸಿ, ಪಿಟೀಲು ಯಾರು, ಮೃದಂಗ ಯಾರು, ಮೋರ್ಸಿಂಗ್ ಇತ್ತೇ, ಯಾವ ಊರು, ಯಾವ ವರ್ಷ ಎಂಬುದನ್ನು ಬರೆದುಕೊಳ್ಳಿ. ಟೇಪಿನ ಗೊರಗೊರ ಸದ್ದನ್ನು ತೆಗೆಯುವ ಯಂತ್ರಗಳು ಬಂದಿವೆ, ಆ ಹೆಸರುಗಳನ್ನು ಹೇಳುವ ಯಂತ್ರ ಬಂದಿಲ್ಲ. ಬರುವ ತಿಂಗಳ ಕೂಟದಲ್ಲಿ ‘ಜ್ಯೋತಿ’ಯನ್ನು ಪೂರ್ತಿ ಕೇಳೋಣ, ಅಂಥ ಕ್ಯಾಸೆಟ್ಟು ಇರುವವರು ಅಂದು ತೆಗೆದುಕೊಂಡು ಬಂದರೆ ಅದನ್ನೂ ಹಾಕೋಣ.